ಗೃಹಸ್ವಾಮಿಯ ಕಟ್ಟುಪಾಡುಗಳು: ಅವಕ್ರಯ, ಸ್ತೋಮ, ಬಾಡಿಗೆ

ಮನೆಯನ್ನು ಕಟ್ಟಿಕೊಂಡು ತಾನೇ ಅದರಲ್ಲಿ ವಾಸಿಸುವವನ ಸ್ವಾಮ್ಯ ಒಂದು ಬಗೆಯದು; ಕಟ್ಟಿದ ಮನೆಯನ್ನು ಪರರ ವಾಸಕ್ಕೆ ಬಿಟ್ಟುಕೊಟ್ಟು ಅದಕ್ಕೆ ಪ್ರತಿಯಾಗಿ ದ್ರವ್ಯವನ್ನು ಪಡೆಯುವವನ ಸ್ವಾಮ್ಯ ಇನ್ನೊಂದು ಬಗೆಯದು. ಈ ಎರಡನೆಯವನು ವಸ್ತುವಿನ ಒಡೆತನವನ್ನು ಬಿಟ್ಟವನಲ್ಲ, ಆದರೆ ಅದರ ಭೋಗವನ್ನು ಬಿಟ್ಟವನು. ಸ್ವಾಮ್ಯವೂ ಭೋಗವೂ ಹೀಗೆ ಇಬ್ಬರ ಕೈಯಲ್ಲಿ ಹಂಚಿಹೋಗಿರುವಾಗ ಒಬ್ಬನು ಇನ್ನೊಬ್ಬನನ್ನು ಯಾವಾಗ ಹೊರಡಿಸಬಹುದು, ಹೊರಟವನು ಏನನ್ನು ಕೊಂಡೊಯ್ಯಬಹುದು, ಮನೆಗೆ ಬೆಂಕಿ ಬಿದ್ದರೆ ದಂಡ ತೆರತಕ್ಕವನು ಯಾರು, ಮನೆಯೊಳಗೆ ಬಂದು ನೆಲೆಸಿದ ಅಪರಿಚಿತನ ಸಂಗತಿಯನ್ನು ಅರಸನ ಅಧಿಕಾರಿಗೆ ತಿಳಿಸತಕ್ಕವನು ಯಾರು, ಎಂಬ ಪ್ರಶ್ನೆಗಳು ಹುಟ್ಟುತ್ತವೆ. ಇವು ಇಂದಿನ ನಗರಗಳಲ್ಲಿ ಮಾತ್ರ ಹುಟ್ಟಿದ ಪ್ರಶ್ನೆಗಳೆಂದು ಅನೇಕರು ತಿಳಿದಿದ್ದಾರೆ.

ಈ ವಿಷಯದಲ್ಲಿ ಪಂಡಿತರ ನಡುವೆಯೂ ಎರಡು ಅಭಿಪ್ರಾಯಗಳು ಕೇಳಿಬರುವುದುಂಟು. ನಮ್ಮ ಧರ್ಮಶಾಸ್ತ್ರಗಳಲ್ಲಿ ಭೂಮಿಯ ಮಾತು ಹೇರಳವಾಗಿದ್ದರೂ ಬಾಡಿಗೆಯ ಮನೆಯ ಮಾತು ಹೆಸರಿಗಷ್ಟೇ ಇದೆ, ಇರುವಷ್ಟೂ ಒಡೆಯನ ಪಕ್ಷಕ್ಕೇ ಸೇರಿದ್ದು, ಗೃಹಸ್ವಾಮಿಗೆ ಕಡಿವಾಣ ಹಾಕಿದ್ದು ಆಂಗ್ಲರ ಕಾನೂನೇ, ಎಂಬುದು ಒಂದು. ಇಂದು ನಡೆಯುತ್ತಿರುವ ಬಾಡಿಗೆಯ ಕಾನೂನುಗಳೆಲ್ಲವೂ ಅರ್ಥಶಾಸ್ತ್ರದಲ್ಲಿ ಮೊದಲೇ ಇದ್ದುವು ಎಂಬುದು ಇನ್ನೊಂದು. ಮೊದಲನೆಯದು ಅರ್ಧ ಓದಿನ ಫಲ. ಎರಡನೆಯದು ಅತ್ಯುತ್ಸಾಹದ ಫಲ. ಸ್ಮೃತಿಗಳನ್ನೂ ಅರ್ಥಶಾಸ್ತ್ರವನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದರೆ, ಬಾಡಿಗೆಯನ್ನು ನಿಯಂತ್ರಿಸುವ ಕಾನೂನು ನಮ್ಮಲ್ಲಿ ಇರಲಿಲ್ಲವೆಂಬುದೂ, ಬಾಡಿಗೆಗೆ ಕೊಟ್ಟ ಒಡೆಯನನ್ನು ನಿಯಂತ್ರಿಸುವ ಕಾನೂನು ಮಾತ್ರ ಸ್ಪಷ್ಟವಾಗಿಯೇ ಇತ್ತೆಂಬುದೂ ತಿಳಿದುಬರುತ್ತದೆ. ಈ ಭೇದವನ್ನು ಗಮನಿಸದಿರುವುದರಿಂದಲೇ ಮೇಲಿನ ಎರಡು ಪಕ್ಷಗಳೂ ಹುಟ್ಟಿರುವುವು.

ಮೊದಲು ಶಬ್ದಗಳನ್ನು ವಿಚಾರಿಸಬೇಕು. ಸಂಸ್ಕೃತದಲ್ಲಿ ಈ ಅರ್ಥಕ್ಕೆ ಮುಖ್ಯವಾಗಿ ಮೂರು ಶಬ್ದಗಳಿವೆ: ಅವಕ್ರಯ, ಸ್ತೋಮ, ಭಾಟಕ. ಇವುಗಳಲ್ಲಿ ಅವಕ್ರಯ ಶಬ್ದ ಬಹು ಪ್ರಾಚೀನವಾದುದು. ಪಾಣಿನಿಯು ಅಷ್ಟಾಧ್ಯಾಯಿಯ ಚತುರ್ಥಾಧ್ಯಾಯದ ಚತುರ್ಥಪಾದದಲ್ಲಿ ಈ ಅರ್ಥದಲ್ಲಿ ತದ್ಧಿತಪ್ರತ್ಯಯವನ್ನು ವಿಧಿಸುವುದಕ್ಕಾಗಿಯೇ ಒಂದು ಸೂತ್ರವನ್ನು ಮೀಸಲಿಟ್ಟಿದ್ದಾನೆ. ಕಾಶಿಕಾಕಾರರು ಅಲ್ಲಿ ಸುಂಕದ ಕಟ್ಟೆಯ ಉದಾಹರಣೆಯನ್ನು ಕೊಡುವುದರಿಂದ, ಒಂದು ವಸ್ತುವಿನ ಅಥವಾ ಸ್ಥಾನದ ಉಪಯೋಗಕ್ಕಾಗಿ ತೆರುವ ಗೊತ್ತಾದ ಮೊತ್ತ ಎಂಬುದೇ ಅದರ ಮೂಲಾರ್ಥವೆಂದು ತೋರುತ್ತದೆ. ಕ್ರಯವೆಂದರೆ ಕೊಳ್ಳುವುದು, ಅವಕ್ರಯವೆಂದರೆ ಪೂರ್ಣವಾಗಿ ಕೊಳ್ಳದೆ ಕೆಳಮಟ್ಟದ ಹಕ್ಕನ್ನು ಕೊಳ್ಳುವುದು ಎಂದು ಅರ್ಥಮಾಡಿದರೆ ತಪ್ಪಾಗಲಾರದು. ಸ್ತೋಮ ಶಬ್ದವನ್ನು ನಾರದನು ಪರರ ನೆಲಕ್ಕೆ ತೆರುವ ಬಾಡಿಗೆಗೂ ಬಾಡಿಗೆಗೆ ತಂದ ಪಾತ್ರೆಗಳಿಗೂ ಸಮಾನವಾಗಿ ಬಳಸಿದ್ದಾನೆ. ಭಾಟಕವು ಕಾತ್ಯಾಯನನ ಮಾತು. ಕನ್ನಡದ ಬಾಡಿಗೆ ಅದರ ತದ್ಭವ. ಲೋಕದಲ್ಲಿ ಉಳಿದದ್ದು ಈ ಮೂರನೆಯದೊಂದೇ. ಅವಕ್ರಯವು ಪುಸ್ತಕಗಳಲ್ಲಿ ಮಲಗಿತು. ಸ್ತೋಮವೋ ಸಮೂಹವೆಂಬ ತನ್ನ ಇನ್ನೊಂದು ಅರ್ಥದಲ್ಲಿ ಕಾವ್ಯಗಳಿಗೆ ಹೋಯಿತು.

ಶಬ್ದಗಳು ಮೂರಿದ್ದರೂ ಸ್ಮೃತಿಗಳಲ್ಲಿ ವಿಷಯ ಮಾತ್ರ ಸಂಕ್ಷಿಪ್ತವಾಗಿದೆ. ವ್ಯವಹಾರಪದಗಳು ಹದಿನೆಂಟು, ಅವುಗಳಲ್ಲಿ ಮನೆಯ ಬಾಡಿಗೆಗೆ ಪ್ರತ್ಯೇಕವಾದ ಪದವಿಲ್ಲ. ಕೂಲಿಯನ್ನು ಕೊಡದಿರುವುದು ಎಂಬ ಪದದ ಬಾಲದಲ್ಲಿ, ಆಳುಗಳ, ಹೊರೆಯಾಳುಗಳ, ದನಗಾಹಿಗಳ ಮಾತೆಲ್ಲ ಮುಗಿದಮೇಲೆ, ಬಾಡಿಗೆಯ ಮಾತು ಬರುತ್ತದೆ. ಆಳಿನ ಶ್ರಮಕ್ಕೆ ಕೊಡುವುದೂ ಮನೆಯ ಉಪಯೋಗಕ್ಕೆ ಕೊಡುವುದೂ ಒಂದೇ ಜಾತಿಯ ದ್ರವ್ಯವೆಂಬ ಭಾವನೆ ಈ ವಿಂಗಡಣೆಯಲ್ಲಿ ಅಡಗಿದೆ. ಪರನ ನೆಲದಲ್ಲಿ ಸ್ತೋಮವನ್ನು ಕೊಟ್ಟು ಮನೆ ಕಟ್ಟಿಕೊಂಡು ವಾಸಿಸಿದವನು ಹೊರಡುವಾಗ ಹುಲ್ಲು, ಮರ, ಇಟ್ಟಿಗೆಗಳನ್ನು ಕಿತ್ತುಕೊಂಡು ಹೋಗಬಹುದೆಂದು ನಾರದನು ವಿಧಿಸುತ್ತಾನೆ. ಸ್ತೋಮವನ್ನು ಕೊಡದೆ, ನೆಲದೊಡೆಯನಿಗೆ ಇಷ್ಟವಿಲ್ಲದೆ ಇದ್ದವನಾದರೆ ಒಂದು ಕಡ್ಡಿಯನ್ನೂ ಮುಟ್ಟುವಂತಿಲ್ಲ. ಬಾಡಿಗೆಗೆ ತಂದ ಪಾತ್ರೆಗಳನ್ನು ಅವಧಿ ತುಂಬಿದಮೇಲೆ ಒಪ್ಪಿಸಬೇಕು. ಒಡೆದುದನ್ನೂ ಕಳೆದುದನ್ನೂ ತುಂಬಿಕೊಡಬೇಕು. ದೈವಿಕವಾದ ಉತ್ಪಾತಕ್ಕೆ ಮಾತ್ರ ವಿನಾಯಿತಿ. ಕಾತ್ಯಾಯನನಾದರೋ ಮನೆ, ಅಂಗಡಿ ಮೊದಲಾದುವನ್ನು ಭಾಟಕಕ್ಕೆ ಹಿಡಿದವನು ಅದನ್ನು ಒಡೆಯನಿಗೆ ಒಪ್ಪಿಸುವ ತನಕ ಭಾಟಕವನ್ನು ತೆರುತ್ತಲೇ ಇರಬೇಕೆನ್ನುತ್ತಾನೆ. ಈತನ ಸ್ಮೃತಿ ಇಡಿಯಾಗಿ ಉಳಿದಿಲ್ಲ. ನಿಬಂಧಗ್ರಂಥಗಳಲ್ಲಿ ಚದುರಿದ್ದ ವಚನಗಳನ್ನು ಪಾಂಡುರಂಗ ವಾಮನ ಕಾಣೆಯವರು ಸಂಗ್ರಹಿಸಿ ೧೯೩೩ರಲ್ಲಿ ಪ್ರಕಟಿಸಿದರು.

ನಾರದನ ಮೊದಲ ನಿಯಮದ ಮುಂದಿನ ಚರಿತ್ರೆ ಕುತೂಹಲಕರವಾಗಿದೆ. ನೆಲಕ್ಕೆ ಅಂಟಿಕೊಂಡದ್ದೆಲ್ಲವೂ ನೆಲದೊಡೆಯನದೆಂಬುದು ಆಂಗ್ಲರ ದೇಶದ ಹಳೆಯ ನ್ಯಾಯ. ಅದು ಈ ದೇಶಕ್ಕೂ ಸಲ್ಲುವುದೇ ಎಂಬ ಪ್ರಶ್ನೆ ಕಲಕತ್ತೆಯ ಹೈಕೋರ್ಟಿನ ಪೂರ್ಣಪೀಠದ ಮುಂದೆ ೧೮೬೬ರಲ್ಲಿ ಬಂದಿತು. ಮುಖ್ಯನ್ಯಾಯಾಧೀಶರಾಗಿದ್ದ ಸರ್ ಬಾರ್ನ್ಸ್ ಪೀಕಾಕರು, ಈ ದೇಶದ ಆಚಾರದಂತೆ ಕಟ್ಟಡವು ನೆಲಕ್ಕೆ ಸೇರಿದೆಯೆಂಬ ಒಂದೇ ಕಾರಣದಿಂದ ನೆಲದೊಡೆಯನ ಸೊತ್ತಾಗುವುದಿಲ್ಲವೆಂದು ನಿರ್ಣಯಿಸಿದರು. ೧೮೮೨ರ ಸ್ವತ್ತು ವರ್ಗಾವಣೆಯ ಕಾನೂನಿನ ೧೦೮ನೆಯ ಪ್ರಕರಣದಲ್ಲಿ, ಬಾಡಿಗೆದಾರನು ನೆಲಕ್ಕೆ ತಾನು ಸೇರಿಸಿದುದನ್ನು ಕಿತ್ತುಕೊಂಡು ಹೋಗಬಹುದು, ಆದರೆ ಸ್ವತ್ತನ್ನು ತಾನು ಪಡೆದ ಸ್ಥಿತಿಯಲ್ಲೇ ಒಪ್ಪಿಸಬೇಕು, ಎಂಬ ನಿಯಮ ಬಂದಿದೆ. ಹುಲ್ಲು, ಮರ, ಇಟ್ಟಿಗೆ ಎಂದು ನಾರದನು ಎಣಿಸಿ ಹೇಳಿದ ಮಾತಿಗೂ ಇದಕ್ಕೂ ಫಲದಲ್ಲಿ ಹೆಚ್ಚಿನ ಅಂತರವಿಲ್ಲ.

ಆದರೂ ಸ್ಮೃತಿಗಳಿಷ್ಟನ್ನೇ ಓದಿ ನಿಲ್ಲಿಸಿದವನಿಗೆ ಮೊದಲನೆಯ ಪಕ್ಷವೇ ಸರಿಯೆಂದು ತೋರುವುದು ಸಹಜ. ಬಾಡಿಗೆದಾರನು ಏನು ಕೊಡಬೇಕು, ಏನು ಒಪ್ಪಿಸಬೇಕು, ಏನನ್ನು ಮುಟ್ಟಬಾರದು ಎಂಬುದೇ ಇಲ್ಲಿಯ ವಿಷಯ. ಒಡೆಯನು ಏನು ಮಾಡಬಾರದು ಎಂಬ ಮಾತು ಈ ವಚನಗಳಲ್ಲಿ ಕಾಣದು. ನಿಬಂಧಕಾರರ ಕೈಯಲ್ಲಿದ್ದ ಸಾಮಗ್ರಿ ಇಷ್ಟು. ಆಂಗ್ಲ ನ್ಯಾಯಾಧೀಶರಿಗೆ ಪಂಡಿತರು ತೋರಿಸಬಹುದಾಗಿದ್ದುದೂ ಇಷ್ಟೇ.

ಇನ್ನೊಂದು ಪಾರ್ಶ್ವ ಬೆಳಕಿಗೆ ಬಂದದ್ದು ಮೈಸೂರಿನಲ್ಲಿ. ತಂಜಾವೂರು ಸೀಮೆಯ ಪಂಡಿತರೊಬ್ಬರು ಒಪ್ಪಿಸಿದ ಗ್ರಂಥಾಕ್ಷರದ ತಾಳೆಯೋಲೆಯ ಪ್ರತಿಯೊಂದು ಅಲ್ಲಿಯ ಓರಿಯಂಟಲ್ ಲೈಬ್ರರಿಗೆ ಸೇರಿತು. ರುದ್ರಪಟ್ಟಣ ಶಾಮಶಾಸ್ತ್ರಿಗಳು ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿ, ೧೯೦೫ರಿಂದ ಅದರ ಭಾಗಗಳ ಅನುವಾದವನ್ನು ಪ್ರಕಟಿಸತೊಡಗಿ, ೧೯೦೯ರಲ್ಲಿ ಮೂಲವನ್ನೂ ೧೯೧೫ರಲ್ಲಿ ಸಮಗ್ರವಾದ ಇಂಗ್ಲಿಷ್ ಅನುವಾದವನ್ನೂ ಹೊರತಂದರು. ೧೮೮೨ರ ಕಾನೂನನ್ನು ರಚಿಸಿದವರ ಕಣ್ಣಿಗೆ ಈ ಗ್ರಂಥ ಬೀಳುವ ಸಂಭವವೇ ಇರಲಿಲ್ಲ ಎಂಬುದನ್ನು ನೆನಪಿನಲ್ಲಿಡಬೇಕು.

ಅರ್ಥಶಾಸ್ತ್ರದ ಧರ್ಮಸ್ಥೀಯವೆಂಬ ಮೂರನೆಯ ಅಧಿಕರಣದ ಎಂಟನೆಯ ಅಧ್ಯಾಯಕ್ಕೆ ಗೃಹವಾಸ್ತುಕವೆಂದು ಹೆಸರು. ಮನೆ, ಹೊಲ, ತೋಟ, ಸೇತುಬಂಧ, ಕೆರೆ, ನೀರಿನ ಆಧಾರ ಇವೆಲ್ಲವೂ ವಾಸ್ತು. ವಾಸ್ತುವಿನ ವಿವಾದಗಳಿಗೆ ನೆರೆಯವರೇ ಪ್ರಮಾಣ, ಎಂದು ಆರಂಭಿಸಿ ಕೌಟಿಲ್ಯನು ಮನೆ ಕಟ್ಟುವವನಿಗೆ ಕಟ್ಟಳೆಗಳನ್ನು ಹೇಳುತ್ತಾನೆ. ಹೊಸದಾಗಿ ಕಟ್ಟುವವನು ಪರರ ಗೋಡೆಯಿಂದ ಎರಡು ಅರತ್ನಿಗಳಷ್ಟೋ ಮೂರು ಪಾದಗಳಷ್ಟೋ ಹಿಂದೆ ಸರಿಯಬೇಕು. ಬಚ್ಚಲಿನ ನೀರು ಹರಿಯುವ ದಾರಿಗೂ ಇಂತಿಷ್ಟು ದೂರವೆಂದು ಗೊತ್ತುಮಾಡಿದೆ. ಮೀರಿದರೆ ೫೪ ಪಣ ದಂಡ. ಒಲೆ, ಬೀಸುವ ಕಲ್ಲು, ಕುಟ್ಟುವ ಒರಳುಗಳ ಜಾಗಕ್ಕೂ ಅಂತರವಿದೆ. ಅಲ್ಲಿ ತಪ್ಪಿದರೆ ೨೪ ಪಣ. ಬಾಣಂತಿಗಾಗಿ ತೋಡಿದ ಗುಂಡಿಗೆ ಮಾತ್ರ ಹತ್ತು ದಿನ ತುಂಬುವ ತನಕ ವಿನಾಯಿತಿ ಕೊಟ್ಟಿರುವುದನ್ನು ನೋಡಿದರೆ, ಈ ನಿಯಮಗಳನ್ನು ಬರೆದವನು ಒಕ್ಕಲಿರುವ ಮನೆಗಳನ್ನು ಕಣ್ಣಾರೆ ಕಂಡಿದ್ದನೆಂದು ಹೇಳಬೇಕಾಗುತ್ತದೆ. ಮನೆಯೊಡೆಯರೆಲ್ಲ ಕೂಡಿ ತಮಗೆ ಬೇಕಾದಂತೆ ಏರ್ಪಾಡು ಮಾಡಿಕೊಳ್ಳಬಹುದೆಂಬ ಸೌಕರ್ಯವನ್ನೂ ಅವನು ಇಟ್ಟಿದ್ದಾನೆ. ನೆರೆಯ ಗೋಡೆಯನ್ನು ನೀರಿನಿಂದ ಕೆಡಿಸಿದರೆ ೧೨ ಪಣ, ಮಲಮೂತ್ರದಿಂದ ಕೆಡಿಸಿದರೆ ಅದರ ಇಮ್ಮಡಿ. ಮಳೆ ಬರುವಾಗ ದೋಣಿಯ ನೀರು ಹೊರಗೆ ಹರಿದುಹೋಗುವಂತೆ ಬಿಡಬೇಕು, ಇಲ್ಲವಾದರೆ ೧೨ ಪಣ.

ಈ ನೀರಿನ ಸೂತ್ರವಾದ ಕೂಡಲೇ ಪ್ರಕೃತ ವಿಷಯದ ಎರಡು ಸೂತ್ರಗಳು ಬರುತ್ತವೆ. ಬೇಡವೆಂದರೂ ವಾಸವಾಗಿರುವವನಿಗೂ, ಅವಕ್ರಯಿಯನ್ನು ಹೊರಹಾಕುವವನಿಗೂ ದಂಡವೆಂಬುದು ಮೊದಲನೆಯದರ ತಾತ್ಪರ್ಯ. ಆದರೆ ಪಾರುಷ್ಯ, ಸ್ತೇಯ, ಸಾಹಸ, ಸಂಗ್ರಹಣ, ಮಿಥ್ಯಾಭೋಗ ಎಂಬ ಐದು ಸಂದರ್ಭಗಳಲ್ಲಿ ಹೊರಹಾಕಿದವನಿಗೆ ದಂಡವಿಲ್ಲ. ತಾನಾಗಿಯೇ ಹೊರಟುಹೋಗುವವನು ವರ್ಷದ ಅವಕ್ರಯದಲ್ಲಿ ಉಳಿದುದನ್ನು ಕೊಡಬೇಕೆಂಬುದು ಎರಡನೆಯದರ ತಾತ್ಪರ್ಯ.

ಇಲ್ಲಿ ಕೆಲವು ವಿಚಾರಣೀಯ ಅಂಶಗಳಿವೆ. ಮೊದಲನೆಯ ಸೂತ್ರದಲ್ಲಿ ದಂಡದ ಮೊತ್ತವೇ ಹೇಳಿಲ್ಲ. ಚಕಾರದ ಬಲದಿಂದ ಹಿಂದಿನ ಸೂತ್ರದ ಹನ್ನೆರಡು ಪಣಗಳು ಇಲ್ಲಿಗೆ ಅನುವರ್ತಿಸುತ್ತವೆಂದು ತಿಳಿಯಬೇಕು. ಶಾಮಶಾಸ್ತ್ರಿಗಳೂ ಹಾಗೆಯೇ ಅನುವಾದಿಸಿದ್ದಾರೆ. ಮುಂದೆ ಬರುವ ಸಾಧಾರಣಗೃಹದ ಸೂತ್ರದಲ್ಲಿ ಹನ್ನೆರಡು ಪಣವೆಂದು ಮತ್ತೆ ಬಾಯಿಬಿಟ್ಟು ಹೇಳಿರುವುದು ಇದಕ್ಕೆ ಬಾಧಕವಲ್ಲ; ನಡುವೆ ದಂಡವಿಲ್ಲದ ಒಂದು ಸೂತ್ರ ಬಂದು ಅನುವೃತ್ತಿಯನ್ನು ತಡೆದುದರಿಂದ ಪುನಃ ಹೇಳಬೇಕಾಯಿತು. ಇನ್ನು ಹನ್ನೆರಡು ಪಣವೆಂದರೆ ಎಷ್ಟು? ಇದೇ ಗ್ರಂಥದ ಐದನೆಯ ಅಧಿಕರಣದಲ್ಲಿ ಅರಮನೆಯ ಪರಿಚಾರಕರೇ ಮೊದಲಾದ ಕೆಳಗಿನ ಸೇವಕರಿಗೆ ೬೦ ಪಣಗಳ ವೇತನ ಹೇಳಿದೆ. ಅದು ವಾರ್ಷಿಕವೆಂಬ ಸಾಮಾನ್ಯವಾದ ಅಭಿಪ್ರಾಯವನ್ನು ಒಪ್ಪಿದರೆ, ಹನ್ನೆರಡು ಪಣವು ಅಂತಹ ಸೇವಕನ ಎರಡು ತಿಂಗಳಿಗೂ ಮೀರಿದ ಸಂಬಳ. ಸಿರಿವಂತನಿಗೆ ಇದು ಹೆಚ್ಚಲ್ಲ. ಒಂದೆರಡು ಕೋಣೆಗಳನ್ನು ಬಾಡಿಗೆಗೆ ಕೊಟ್ಟು ಬದುಕುವ ಸಣ್ಣ ಗೃಹಸ್ಥನಿಗೆ ಸಾಕಷ್ಟು ಭಾರವಾದುದು.

ಮೇಲುನೋಟಕ್ಕೆ ಮೊದಲನೆಯ ಸೂತ್ರದಲ್ಲಿ ಒಂದು ವಿರೋಧ ಕಾಣುತ್ತದೆ. ಬೇಡವೆಂದ ಮೇಲೂ ಇರುವುದು ತಪ್ಪಾದರೆ, ಒಡೆಯನು ಎಂದು ಬೇಕಾದರೂ ಬೇಡವೆಂದು ಹೇಳಿ ಬಾಡಿಗೆದಾರನನ್ನು ತಪ್ಪುಗಾರನನ್ನಾಗಿ ಮಾಡಬಹುದು. ಹಾಗಾದಲ್ಲಿ ಹೊರಹಾಕುವವನಿಗೆ ದಂಡವೆಂಬ ಮಾತು ವ್ಯರ್ಥವಾಗುತ್ತದೆ. ನಿಷೇಧವೆಂಬುದು ಅರಸನ ಅಧಿಕಾರಿ ಮಾಡಿದ ನಿಷೇಧ ಎಂದು ಅರ್ಥಮಾಡಿ ಕೆಲವರು ಪರಿಹಾರ ಹೇಳಬಹುದು. ಆದರೆ ಪ್ರಕರಣದಲ್ಲಿ ಅಧಿಕಾರಿಯ ಪ್ರಸ್ತಾಪವೇ ಇಲ್ಲ. ಮನೆಯವರು, ನೆರೆಯವರು, ಇಷ್ಟೇ. ಆದುದರಿಂದ ಪರಿಹಾರವನ್ನು ಮುಂದಿನ ಸೂತ್ರದಲ್ಲಿಯೇ ಹುಡುಕಬೇಕು. ತಾನಾಗಿ ಹೊರಟವನು ವರ್ಷದ ಅವಕ್ರಯದ ಶೇಷವನ್ನು ಕೊಡಬೇಕೆಂದಾಗ, ಅವಕ್ರಯವು ವರ್ಷಕ್ಕೆ ಗೊತ್ತಾಗುತ್ತಿತ್ತೆಂದೂ ವರ್ಷವೇ ಒಡಂಬಡಿಕೆಯ ಅವಧಿಯೆಂದೂ ಸಿದ್ಧವಾಯಿತು. ಹಾಗಾದರೆ ಮೂರು ವಿಧಿಗಳೂ ಸರಾಗವಾಗಿ ಹೊಂದುತ್ತವೆ: ವರ್ಷದೊಳಗೆ ಒಡೆಯನು ಆ ಐದು ಕಾರಣಗಳಿಲ್ಲದೆ ಹೊರಹಾಕಲಾರನು, ವರ್ಷ ತುಂಬಿದಮೇಲೆ ಬೇಡವೆಂದರೆ ಬಾಡಿಗೆದಾರನು ಇರಲಾರನು, ವರ್ಷದ ನಡುವೆ ತಾನಾಗಿ ಹೊರಟರೆ ಉಳಿದುದನ್ನು ತೆತ್ತು ಹೊರಡಬೇಕು. ಇಬ್ಬರನ್ನೂ ಒಂದೇ ಹಗ್ಗದಿಂದ ಕಟ್ಟಿದಂತಾಯಿತು.

ಎರಡನೆಯ ಅಂಶ ಇನ್ನೂ ಗಂಭೀರವಾದುದು. ಹೊರಹಾಕುವುದಕ್ಕೆ ಒಪ್ಪಿದ ಐದು ಕಾರಣಗಳಲ್ಲಿ ಬಾಡಿಗೆಯನ್ನು ಕೊಡದಿರುವುದು ಸೇರಿಲ್ಲ! ಇಂದಿನ ಕಾನೂನುಗಳಲ್ಲಿ ಮೊಟ್ಟಮೊದಲನೆಯದಾಗಿ ಬರುವ ಕಾರಣವೇ ಇಲ್ಲಿ ಇಲ್ಲದಿರುವುದು ಆಶ್ಚರ್ಯವನ್ನುಂಟುಮಾಡುತ್ತದೆ. ಶಾಮಶಾಸ್ತ್ರಿಗಳು ಅವಕ್ರಯಿ ಎಂಬುದನ್ನು ಬಾಡಿಗೆಯನ್ನು ಕೊಟ್ಟಿರುವ ವಾಸಿ ಎಂದು ಅನುವಾದಿಸಿ ಈ ತೊಡಕನ್ನು ದಾಟಿದ್ದಾರೆ. ಕೊಡದವನು ಅವಕ್ರಯಿಯೇ ಅಲ್ಲ, ಆದುದರಿಂದ ಅವನಿಗೆ ಈ ರಕ್ಷಣೆಯಿಲ್ಲ ಎಂದು ಅವರ ಆಶಯವಿರಬೇಕು. ವ್ಯಾಕರಣದ ದೃಷ್ಟಿಯಿಂದ ಇಲ್ಲಿರುವುದು ಮತ್ವರ್ಥದ ಇನಿಪ್ರತ್ಯಯ; ಅವಕ್ರಯವುಳ್ಳವನು, ಎಂದರೆ ಅವಕ್ರಯದ ಒಡಂಬಡಿಕೆಯಿಂದ ಇರುವವನು ಎಂಬಷ್ಟೇ ಅರ್ಥ ಅದರಿಂದ ಬರುತ್ತದೆ; ಕೊಟ್ಟಿದ್ದಾನೋ ಇಲ್ಲವೋ ಎಂಬುದು ಶಬ್ದದಿಂದ ಸಿದ್ಧಿಸುವುದಿಲ್ಲ. ಇದೇ ಗ್ರಂಥದ ನಾಗರಿಕಪ್ರಕರಣದಲ್ಲಿ ಮತ್ತೆ ಈ ಶಬ್ದ ಬಂದಾಗ, ಬಾಡಿಗೆ ಸಂದಿರುವುದರ ಸುಳಿವು ಲವಲೇಶವೂ ಇಲ್ಲ. ಆದುದರಿಂದ ಬಾಕಿಯಾದ ಅವಕ್ರಯವನ್ನು ಕೌಟಿಲ್ಯನು ಋಣವೆಂದೇ ಎಣಿಸಿ ಋಣಾದಾನದ ಕ್ರಮದಲ್ಲಿ ವಸೂಲು ಮಾಡಲು ಬಿಟ್ಟಿದ್ದನೆಂದೂ, ಮನೆಯಿಂದ ಹೊರಹಾಕುವುದನ್ನು ದುರ್ನಡತೆಗೆ ಮಾತ್ರ ಮೀಸಲಿಟ್ಟಿದ್ದನೆಂದೂ ಊಹಿಸುವುದೇ ಸೂತ್ರಕ್ಕೆ ಹೆಚ್ಚು ಸಮೀಪವಾದ ಅರ್ಥವೆಂದು ತೋರುತ್ತದೆ. ಶಾಮಶಾಸ್ತ್ರಿಗಳ ಅರ್ಥವನ್ನು ಪೂರ್ಣವಾಗಿ ತಳ್ಳಿಹಾಕುವಷ್ಟು ಬಲವಾದ ಪ್ರಮಾಣವಿಲ್ಲವೆಂಬುದನ್ನೂ ಒಪ್ಪಬೇಕು.

ಮಿಥ್ಯಾಭೋಗಕ್ಕೆ ಎರಡು ಅರ್ಥಗಳು ಸಾಧ್ಯ: ಸುಳ್ಳು ಹಕ್ಕನ್ನು ಹೂಡಿ ಅನುಭವಿಸುವುದು ಒಂದು, ಒಪ್ಪಿದ ಕಾರ್ಯಕ್ಕಲ್ಲದೆ ಬೇರೆ ಕಾರ್ಯಕ್ಕೆ ಮನೆಯನ್ನು ಉಪಯೋಗಿಸುವುದು ಇನ್ನೊಂದು. ೧೮೮೨ರ ಕಾನೂನಿನಲ್ಲಿ ಈ ಎರಡೂ ಬೇರೆ ಬೇರೆ ಪ್ರಕರಣಗಳಲ್ಲಿವೆ. ಒಡೆಯನ ಸ್ವಾಮ್ಯವನ್ನೇ ಅಲ್ಲಗಳೆದವನ ಹಕ್ಕು ನಷ್ಟವಾಗಬಹುದೆಂಬುದು ೧೧೧ನೆಯದು. ಗೊತ್ತಾದ ಉದ್ದೇಶಕ್ಕೆ ಹೊರತಾಗಿ ಬಳಸಬಾರದೆಂಬುದು ೧೦೮ನೆಯದು. ಪಾರುಷ್ಯವು ವಾಕ್ಕಿನದೂ ಆಗಬಹುದು, ಕೈಯದೂ ಆಗಬಹುದು. ಉಳಿದ ಮೂರಕ್ಕೆ ವ್ಯಾಖ್ಯಾನ ಬೇಕಿಲ್ಲ.

ಗೃಹಸ್ವಾಮಿಯ ಹೊಣೆಗಾರಿಕೆಗೆ ಸಾಕ್ಷಿ ಇದೊಂದೇ ಅಧ್ಯಾಯದಲ್ಲಿದ್ದಿದ್ದರೆ ಇಷ್ಟು ಒತ್ತಿ ಹೇಳಬೇಕಾಗಿರಲಿಲ್ಲ. ಎರಡನೆಯ ಅಧಿಕರಣದ ಕೊನೆಯ ಅಧ್ಯಾಯವಾದ ನಾಗರಿಕಪ್ರಣಿಧಿಯಲ್ಲಿ ಬೇರೊಂದು ದಿಕ್ಕಿನಿಂದ ಅದೇ ಮಾತು ಬರುತ್ತದೆ. ಬೇಸಗೆಯಲ್ಲಿ ನಡುಹಗಲಿನ ಹೊತ್ತು ಬೆಂಕಿ ಹೊತ್ತಿಸಬಾರದು; ಪ್ರತಿಯೊಂದು ಮನೆಯಲ್ಲಿಯೂ ನೀರಿನ ಕೊಡಗಳು, ಏಣಿ, ಕೊಡಲಿ, ಮೊರ, ಕೊಕ್ಕೆ, ತೊಗಲಿನ ಚೀಲ ಮೊದಲಾದ ಸಾಧನಗಳಿರಬೇಕು; ಇಲ್ಲದಿದ್ದರೆ ಕಾಲು ಪಣ ದಂಡ. ಉರಿಯುತ್ತಿರುವ ಮನೆಯ ಕಡೆಗೆ ಓಡಿ ಹೋಗದ ಗೃಹಸ್ವಾಮಿಗೆ ೧೨ ಪಣ ದಂಡ. ಅವಕ್ರಯಿಗೆ ೬ ಪಣ. ಎಂದರೆ ಬಾಡಿಗೆದಾರನಿಗೂ ಕರ್ತವ್ಯವುಂಟು, ಆದರೆ ಒಡೆಯನದು ಅದಕ್ಕೆ ಇಮ್ಮಡಿ. ಹೊಣೆಯನ್ನು ಇಬ್ಬರಲ್ಲಿ ಒಬ್ಬನ ತಲೆಗೇ ಕಟ್ಟದೆ, ಇಬ್ಬರಿಗೂ ಹಂಚಿ, ಸ್ವಾಮ್ಯವಿರುವ ಕಡೆಗೆ ತೂಕವನ್ನು ಹೆಚ್ಚಿಸಿರುವ ಈ ಲೆಕ್ಕವು ಕೌಟಿಲ್ಯನ ದೃಷ್ಟಿಯನ್ನು ಚೆನ್ನಾಗಿ ತೋರಿಸುತ್ತದೆ. ಅಜಾಗರೂಕತೆಯಿಂದ ಬೆಂಕಿ ಬಿದ್ದರೆ ೫೪ ಪಣ. ಬೇಕೆಂದೇ ಹಚ್ಚಿದವನಿಗೆ ಬೆಂಕಿಯಿಂದಲೇ ವಧೆ. ಬೀದಿಯಲ್ಲಿ ಕಸ ಚೆಲ್ಲಿದರೆ ಪಣದ ಎಂಟನೆಯ ಒಂದು ಪಾಲು. ಇದೇ ವಿಷಯದಲ್ಲಿ ಮನುವು ರಾಜಮಾರ್ಗವನ್ನು ಹೊಲಸುಮಾಡಿದವನಿಗೆ ಎರಡು ಕಾರ್ಷಾಪಣ ದಂಡ ವಿಧಿಸಿ, ಅವನೇ ಅದನ್ನು ತೊಳೆಯಬೇಕೆಂದಿದ್ದಾನೆ. ಮುದುಕರಿಗೂ ಗರ್ಭಿಣಿಯರಿಗೂ ಮಕ್ಕಳಿಗೂ ಗದರಿಕೆ ಸಾಕು.

ಅದೇ ಅಧ್ಯಾಯದಲ್ಲಿ ಗೋಪನೆಂಬ ಅಧಿಕಾರಿ ಹತ್ತು, ಇಪ್ಪತ್ತು ಅಥವಾ ನಲವತ್ತು ಕುಲಗಳ ಮೇಲ್ವಿಚಾರಣೆಯನ್ನು ಹೊತ್ತು, ಅಲ್ಲಿಯ ಸ್ತ್ರೀಪುರುಷರ ಜಾತಿ, ಗೋತ್ರ, ಹೆಸರು, ಕಸುಬು, ಸಂಖ್ಯೆ, ಆಯವ್ಯಯಗಳನ್ನು ತಿಳಿದಿರಬೇಕೆಂದಿದೆ. ಧರ್ಮಛತ್ರದವನು ದಾರಿಗರಿಗೂ ಪಾಷಂಡರಿಗೂ ತಿಳಿಸದೆ ಇಂಬು ಕೊಡಬಾರದು. ಮನೆಯೊಡೆಯನು ತನ್ನಲ್ಲಿಂದ ಹೊರಟವರನ್ನೂ ತನ್ನಲ್ಲಿಗೆ ಬಂದವರನ್ನೂ ತಿಳಿಸತಕ್ಕದ್ದು. ತಿಳಿಸದಿದ್ದರೆ ಆ ರಾತ್ರಿ ನಡೆದ ಅಪರಾಧದ ದೋಷ ಅವನಿಗೆ ತಟ್ಟುತ್ತದೆ. ಏನೂ ನಡೆಯದೆ ರಾತ್ರಿ ಸುಖವಾಗಿ ಕಳೆದರೂ ಮೂರು ಪಣ ತಪ್ಪಿದ್ದಲ್ಲ. ಅಪರಾಧವಾಗದಿದ್ದರೂ ತಿಳಿಸದಿದ್ದುದೇ ಒಂದು ತಪ್ಪೆಂದು ಪ್ರತ್ಯೇಕಿಸಿ ದಂಡ ವಿಧಿಸಿರುವುದು ಗಮನಾರ್ಹ. ಇಂದು ಅನೇಕ ನಗರಗಳಲ್ಲಿ ಪೊಲೀಸರು, ಬಾಡಿಗೆದಾರನ ವಿವರವನ್ನು ಠಾಣೆಗೆ ತಿಳಿಸಬೇಕೆಂದು ಗೃಹಸ್ವಾಮಿಗಳಿಗೆ ಆಜ್ಞೆ ಹೊರಡಿಸುವುದುಂಟು. ಇವುಗಳಲ್ಲಿ ಹಲವಕ್ಕೆ ಆಧಾರವಾಗಿದ್ದುದು ೧೯೭೩ರ ದಂಡಪ್ರಕ್ರಿಯಾ ಸಂಹಿತೆಯ ೧೪೪ನೆಯ ಪ್ರಕರಣ. ೨೦೨೪ರ ಜುಲೈ ೧ರಿಂದ ಆ ಸ್ಥಾನಕ್ಕೆ ನಾಗರಿಕ ಸುರಕ್ಷಾ ಸಂಹಿತೆಯ ೧೬೩ನೆಯ ಪ್ರಕರಣ ಬಂದಿದೆ. ಈ ಆಜ್ಞೆಗಳನ್ನು ಆಧುನಿಕ ಕಾಲದ ಉಪದ್ರವವೆಂದು ಗೊಣಗುವವರು ಗೋಪನ ಲೆಕ್ಕದ ಪುಸ್ತಕವನ್ನು ನೆನೆಯಬಹುದು.

ಇಷ್ಟರಿಂದ ಕೌಟಿಲ್ಯನ ಈ ಕಟ್ಟಳೆಗಳು ಯಾವುದಾದರೂ ಒಂದು ನಗರದಲ್ಲಿ ಅಕ್ಷರಶಃ ನಡೆದುವೆಂದು ಹೇಳಲಾಗದು. ಗ್ರಂಥದ ಕಾಲವೇ ವಿವಾದಗ್ರಸ್ತ; ಮೌರ್ಯರ ಕಾಲಕ್ಕೆ ಅದನ್ನು ಕೊಂಡೊಯ್ಯುವ ಸಂಪ್ರದಾಯವಿದ್ದರೂ, ಈಗಿನ ರೂಪ ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ಸಿದ್ಧವಾಯಿತೆಂದು ಇತ್ತೀಚಿನ ವಿದ್ವಾಂಸರಲ್ಲಿ ಅನೇಕರು ಭಾವಿಸುತ್ತಾರೆ. ಶಾಸ್ತ್ರವು ಹೀಗಿರಬೇಕು ಎಂಬುದನ್ನು ಹೇಳುತ್ತದೆ, ಹೀಗಿತ್ತು ಎಂಬುದನ್ನಲ್ಲ. ಅದಲ್ಲದೆ, ಬಾಡಿಗೆ ಇಷ್ಟೇ ಇರಬೇಕೆಂದಾಗಲಿ, ಇದಕ್ಕಿಂತ ಹೆಚ್ಚು ಕೇಳಬಾರದೆಂದಾಗಲಿ ಎಲ್ಲಿಯೂ ಹೇಳಿಲ್ಲ. ಸರಕಿನ ಬೆಲೆಯನ್ನೂ ವರ್ತಕನ ಲಾಭವನ್ನೂ ಗೊತ್ತುಮಾಡಲು ಹಿಂಜರಿಯದ ಕೌಟಿಲ್ಯನು ಮನೆಯ ಅವಕ್ರಯವನ್ನು ಇಬ್ಬರ ಒಪ್ಪಿಗೆಗೇ ಬಿಟ್ಟಿದ್ದಾನೆ. ಎರಡನೆಯ ಪಕ್ಷದವರು ಎಡವುವುದು ಇಲ್ಲಿಯೇ.

ಬಾಡಿಗೆಯ ಮೊತ್ತಕ್ಕೇ ಕೈಹಾಕಿದ ಕಾನೂನುಗಳು ಈ ದೇಶದಲ್ಲಿ ಯುದ್ಧದ ಮಕ್ಕಳು. ಮೊದಲನೆಯ ಮಹಾಯುದ್ಧದ ಕೊನೆಯಲ್ಲಿ, ೧೯೧೮ರಲ್ಲಿ, ಮುಂಬಯಿಯಲ್ಲಿ ಒಂದು ಕಾನೂನು ಬಂದಿತು; ಕಲಕತ್ತೆಯಲ್ಲಿ ೧೯೨೦ರಲ್ಲಿ. ಎರಡನೆಯ ಮಹಾಯುದ್ಧದಲ್ಲಿ ನಗರಗಳು ತುಂಬಿ ತುಳುಕಿದಾಗ ಇವು ಎಲ್ಲೆಡೆಯೂ ಹಬ್ಬಿದುವು. ಕನ್ನಡನಾಡು ೧೯೫೬ರಲ್ಲಿ ಒಂದಾದಾಗ, ಧಾರವಾಡ ಬೆಳಗಾವಿಗಳ ಗೃಹಸ್ವಾಮಿ ಮುಂಬಯಿಯ ೧೯೪೭ರ ಕಾನೂನಿಗೂ, ಮಂಗಳೂರಿನವನು ಮದರಾಸಿನ ೧೯೪೯ರ ಕಾನೂನಿಗೂ, ಕಲಬುರ್ಗಿಯವನು ಹೈದರಾಬಾದಿನ ೧೯೫೪ರ ಕಾನೂನಿಗೂ, ಮೈಸೂರು ಬೆಂಗಳೂರುಗಳವನು ಮೈಸೂರಿನ ೧೯೫೧ರ ಕಾನೂನಿಗೂ ಒಳಪಟ್ಟಿದ್ದನು. ಇವೆಲ್ಲವನ್ನೂ ಒಂದುಗೂಡಿಸಿದ್ದು ೧೯೬೧ರ ಬಾಡಿಗೆ ನಿಯಂತ್ರಣ ಕಾನೂನು. ಅದರ ೨೧ನೆಯ ಪ್ರಕರಣ ಹೊರಹಾಕುವುದನ್ನು ಸಾಮಾನ್ಯವಾಗಿ ನಿಷೇಧಿಸಿ, ಅನಂತರ ಕಾರಣಗಳನ್ನು ಪಟ್ಟಿಮಾಡುತ್ತದೆ. ಹೇಳುವ ಕ್ರಮವು ಕೌಟಿಲ್ಯನ ಸೂತ್ರದಂತೆಯೇ ನಿಷೇಧ ಮತ್ತು ಅಪವಾದ. ಮನೆ ಖಾಲಿಯಾದರೆ ಒಡೆಯನು ಅದನ್ನು ನಿಯಂತ್ರಣಾಧಿಕಾರಿಗೆ ತಿಳಿಸಬೇಕೆಂದೂ, ಅಧಿಕಾರಿ ತನಗೆ ತೋರಿದವರಿಗೆ ಅದನ್ನು ಕೊಡಿಸಬಹುದೆಂದೂ ಇದ್ದ ನಿಯಮ ಮಾತ್ರ ಯಾವ ಪೂರ್ವಶಾಸ್ತ್ರದಲ್ಲಿಯೂ ಕಾಣದ ಹೊಸತು. ಒಡೆಯನನ್ನು ಕಟ್ಟಿಹಾಕುವುದು ಬೇರೆ, ಒಡೆಯನ ಸ್ಥಾನದಲ್ಲಿ ತಾನೇ ಕುಳಿತುಕೊಳ್ಳುವುದು ಬೇರೆ. ಹೊಸ ಮನೆಗಳನ್ನು ಬಾಡಿಗೆಗೆಂದು ಕಟ್ಟಲು ಜನ ಹಿಂಜರಿದರೆಂದೂ, ಇದ್ದ ಮನೆಗಳು ದುರಸ್ತಿಯಿಲ್ಲದೆ ಜೀರ್ಣವಾದುವೆಂದೂ ಇಂತಹ ಕಾನೂನುಗಳ ಮೇಲೆ ಆಕ್ಷೇಪಣೆ ಬಂದುದು ಸಕಾರಣವಾಗಿಯೇ ಇದೆ.

೧೯೯೯ರ ಕರ್ನಾಟಕ ಬಾಡಿಗೆ ಕಾನೂನು ೨೦೦೧ರ ಡಿಸೆಂಬರ್ ೩೧ರಂದು ಜಾರಿಗೆ ಬಂದು ಹಿಂದಿನದನ್ನು ತೆಗೆದುಹಾಕಿತು. ದೊಡ್ಡ ನಗರಗಳಲ್ಲಿ ತಿಂಗಳಿಗೆ ೩೫೦೦ ರೂಪಾಯಿಗೂ ಬೇರೆಡೆಗಳಲ್ಲಿ ೨೦೦೦ ರೂಪಾಯಿಗೂ ಮೀರಿದ ಬಾಡಿಗೆಯ ಮನೆಗಳನ್ನು ಅದು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಹಾಗೆ ಹೊರಗುಳಿದ ಗೃಹಸ್ವಾಮಿ ೧೮೮೨ರ ಕಾನೂನಿಗೆ ಮರಳಿ ಬಂದನು. ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಯನ್ನು ಮುಗಿಸಲು ಅಲ್ಲಿಯ ೧೦೬ನೆಯ ಪ್ರಕರಣದಂತೆ ಹದಿನೈದು ದಿನಗಳ ತಿಳುವಳಿಕೆ ಸಾಕು. ವ್ಯಾಪ್ತಿಯೊಳಗಿರುವ ಮನೆಗಳಲ್ಲಿ ಬಾಕಿಗಾಗಿ ಹೊರಹಾಕಬೇಕಾದರೂ, ತಿಳುವಳಿಕೆ ಕೊಟ್ಟು ಎರಡು ತಿಂಗಳು ಕಾಯಬೇಕು. ಅವಕ್ರಯಿಯ ಬಾಕಿಯನ್ನು ಕೇವಲ ಋಣವೆಂದೆಣಿಸುವುದಕ್ಕೂ ಬಾಕಿಯಾದ ಕೂಡಲೇ ಹೊರತಳ್ಳುವುದಕ್ಕೂ ನಡುವಣ ದಾರಿ ಇದು.

ಕಾನೂನು ಒಂದೆಡೆ ಬಿಗಿದಾಗ ಆಚಾರ ಇನ್ನೊಂದೆಡೆ ದಾರಿ ಮಾಡಿಕೊಳ್ಳುತ್ತದೆ. ೧೯೦೮ರ ನೋಂದಣಿ ಕಾನೂನಿನ ೧೭ನೆಯ ಪ್ರಕರಣ ಒಂದು ವರ್ಷವನ್ನು ಮೀರಿದ ಬಾಡಿಗೆಯ ಪತ್ರಗಳನ್ನು ನೋಂದಾಯಿಸಲೇಬೇಕೆಂದುದರಿಂದ, ಹನ್ನೊಂದು ತಿಂಗಳ ಕರಾರುಪತ್ರ ನಾಡಿನಲ್ಲೆಲ್ಲ ರೂಢಿಗೆ ಬಂದಿತು. ಕೌಟಿಲ್ಯನ ವರ್ಷಾವಕ್ರಯದಿಂದ ಒಂದು ತಿಂಗಳನ್ನು ಕತ್ತರಿಸಿ ತೆಗೆದದ್ದು ಹೀಗೆ. ೧೯೯೯ರ ಕಾನೂನು ತನ್ನ ವ್ಯಾಪ್ತಿಯ ಒಪ್ಪಂದಗಳೆಲ್ಲವೂ ಲಿಖಿತವಾಗಿಯೂ ನೋಂದಿತವಾಗಿಯೂ ಇರಬೇಕೆಂದರೂ ಈ ಹನ್ನೊಂದರ ಮೋಹ ಜನಕ್ಕೆ ಹೋಗಿಲ್ಲ.

ಬೆಂಗಳೂರು ಮೊದಲಾದ ನಮ್ಮ ನಗರಗಳಲ್ಲಿ ಭೋಗ್ಯವೆಂಬ ಇನ್ನೊಂದು ಪದ್ಧತಿಯುಂಟು. ಮನೆಗೆ ಬರುವವನು ಒಡೆಯನಿಗೆ ದೊಡ್ಡ ಮೊತ್ತವನ್ನು ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ವಾಸಿಸುತ್ತಾನೆ. ಅವಧಿ ಮುಗಿದಾಗ ಮೊತ್ತವನ್ನು ಹಿಂದಕ್ಕೆ ಪಡೆಯುತ್ತಾನೆ. ಹಣದ ಬಡ್ಡಿಗೂ ಮನೆಯ ಬಾಡಿಗೆಗೂ ಸರಿಹೋಯಿತೆಂದು ಲೆಕ್ಕ. ಹೆಸರೂ ಸ್ವರೂಪವೂ ಎರಡೂ ಧರ್ಮಶಾಸ್ತ್ರದಿಂದ ನೇರವಾಗಿ ಬಂದಿವೆ. ಆಧಿಯನ್ನು ಗೋಪ್ಯ, ಭೋಗ್ಯ ಎಂದು ಎರಡಾಗಿ ನಾರದನು ವಿಂಗಡಿಸಿದನು; ಫಲಭೋಗ್ಯವಾದ ಆಧಿ ಎಂದಿಗೂ ನಷ್ಟವಾಗದೆಂದು ಯಾಜ್ಞವಲ್ಕ್ಯನು ವಿಧಿಸಿದನು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ಅದನ್ನು ವಿವರಿಸಿದನು. ಅಲ್ಲಿ ಸಾಲಗಾರನೇ ಗೃಹಸ್ವಾಮಿ, ವಾಸಿಯೇ ಧನಿಕ. ಆದುದರಿಂದ ಭೋಗ್ಯಕ್ಕೆ ಮನೆ ಕೊಟ್ಟವನನ್ನು ಬಾಡಿಗೆಯ ಒಡೆಯನೆನ್ನುವುದಕ್ಕಿಂತ ಮನೆಯನ್ನು ಅಡವಿಟ್ಟ ಋಣಿಯೆನ್ನುವುದೇ ಶಾಸ್ತ್ರಸಮ್ಮತ. ಹಣವನ್ನು ಹಿಂದಿರುಗಿಸದೆ ಅವನು ವಾಸಿಯನ್ನು ಹೊರಡಿಸುವಂತಿಲ್ಲ. ಈ ಹಣವನ್ನು ಕಳೆದುಕೊಂಡು ಬೀದಿಗೆ ಬಿದ್ದವರ ವ್ಯಾಜ್ಯಗಳಲ್ಲಿ, ಇದು ಬಾಡಿಗೆಯೋ ಅಡವೋ ಎಂಬ ಪ್ರಶ್ನೆಯೇ ಮೊದಲು ಏಳುತ್ತದೆ.

ಬಾಡಿಗೆಯ ಮನೆಗೆ ಕೊಡುವ ಮುಂಗಡಕ್ಕಾದರೋ ಸ್ಮೃತಿಗಳಲ್ಲಿ ಹೆಸರಿಲ್ಲ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯಷ್ಟು ಮುಂಗಡ ಕೇಳುವ ರೂಢಿ ಬಹುಕಾಲ ನಡೆದುಬಂದಿತು. ಕೇಂದ್ರ ಸಚಿವಸಂಪುಟವು ೨೦೨೧ರ ಜೂನ್ ೨ರಂದು ಒಪ್ಪಿದ ಮಾದರಿ ಬಾಡಿಗೆ ಕಾನೂನು ವಾಸದ ಮನೆಗಳಿಗೆ ಎರಡು ತಿಂಗಳ ಮುಂಗಡವನ್ನೇ ಪರಮಾವಧಿಯನ್ನಾಗಿ ಇಟ್ಟಿದೆ. ಅವಧಿ ಮೀರಿ ಬಿಡದೆ ಕುಳಿತ ಬಾಡಿಗೆದಾರನು ಮೊದಲ ಎರಡು ತಿಂಗಳು ಇಮ್ಮಡಿ, ಆಮೇಲೆ ನಾಲ್ಮಡಿ ತೆರಬೇಕೆಂದೂ ಹೇಳಿದೆ. ಕಾತ್ಯಾಯನನು ಒಪ್ಪಿಸುವ ತನಕ ಭಾಟಕವನ್ನು ತೆರಲಿ ಎಂದಷ್ಟೇ ಹೇಳಿ, ಮಡಿಗಳ ಲೆಕ್ಕಕ್ಕೆ ಹೋಗಲಿಲ್ಲ. ಮಾದರಿಯೆಂದ ಮೇಲೆ ಅದನ್ನು ಸ್ವೀಕರಿಸುವುದೂ ಬಿಡುವುದೂ ಆಯಾ ರಾಜ್ಯದ ಶಾಸನಸಭೆಗೆ ಸೇರಿದ್ದು.